ಮಾಯಣ್ಣನವರ ನೂರ ಹದಿನೇಳು ಮರಗಳು

ಶಾಲೆಯ ಗೋಡೆಯ ಮೇಲೆ ಮಾಯಣ್ಣನವರು ಬರೆದ ತೆಂಗಿನ ಮರವನ್ನು ನೋಡಿ ಮೊದಲು ನಕ್ಕವರು ಸಣ್ಣತಿಮ್ಮಯ್ಯ.

ಸಣ್ಣತಿಮ್ಮಯ್ಯ ಕಾಯಿ ಕೆಡವುವವರು. ಕಂದಿಕೆರೆಗೆ ಹತ್ತಿರದ ನಮ್ಮ ಹೈಸ್ಕೂಲಿನ ಹಿಂದೆ ಹನ್ನೊಂದು ಮರಗಳಿವೆ. ಎರಡು ತಿಂಗಳಿಗೊಮ್ಮೆ ಅವರು ಮರ ಹತ್ತುವ ಮೆಷೀನನ್ನು ಹೆಗಲಿಗೆ ಹಾಕಿಕೊಂಡು ಬಂದು, ಕಾಯಿ ಕೆಡವಿ, ಒಣಗಿದ ಗರಿ ಕಿತ್ತು, ಬಿಸಿಯೂಟದ ಕೋಣೆಯ ಮುಂದೆ ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತಾರೆ. ಜುಲೈ ತಿಂಗಳ ಆ ದಿನ ಗೇಟು ದಾಟಿದವರು ಗೋಡೆಯ ಮುಂದೆ ನಿಂತುಬಿಟ್ಟರು. ಏಣಿಯ ಮೇಲಿದ್ದ ಮಾಯಣ್ಣನವರು ಕೊನೆಯ ಗರಿಗೆ ಹಸಿರು ಬಳಿಯುತ್ತಿದ್ದರು. ಕೆಳಗೆ ಬಣ್ಣದ ಡಬ್ಬಗಳನ್ನು ಎತ್ತಿಡುತ್ತಿದ್ದವಳು ನಾನು, ಆ ಶಾಲೆಯ ಚಿತ್ರಕಲಾ ಶಿಕ್ಷಕಿ ಭವ್ಯಶ್ರೀ.

"ಮಾಯಣ್ಣೋ, ಇದ್ಯಾವ ಸೀಮೆ ಮರ ಕಣಣ್ಣ?" ಎಂದರು ಸಣ್ಣತಿಮ್ಮಯ್ಯ.

"ಯಾಕ್ಲಾ? ತೆಂಗಿನ್ ಮರ ಅಂತ ಕಾಣಾಕಿಲ್ವಾ?"

"ತೆಂಗಿನ್ ಮರ ಅಂತ ಕಾಣ್ತದೆ. ಆದ್ರೆ ಇದು ಕ್ಯಾಲೆಂಡರ್‌ನಾಗೆ ಸಮುದ್ರದ ಪಕ್ಕ ಬಾಗ್ಕಂಡು ನಿಂತಿರ್ತದಲ್ಲ, ಆ ಮರ. ನಾನು ದಿನಕ್ಕೆ ಮೂವತ್ತು ಮರ ಹತ್ತೋನು. ನಮ್ ಕಡೆ ಇಂಥದ್ದು ಒಂದೂ ಕಾಲಿಗೆ ಸಿಕ್ಕಿಲ್ಲ." ಹಾಗೆಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾಯಣ್ಣ ಕೋಪಿಸಿಕೊಳ್ಳುತ್ತಾರೆಂದು ನಾನು ಎಣಿಸಿದ್ದೆ. ಐವತ್ತೆಂಟು ವರ್ಷದ ಮನುಷ್ಯ, ಸುತ್ತಲಿನ ಮೂರು ತಾಲ್ಲೂಕಿನಲ್ಲಿ ಅವರ ಕೈಯಕ್ಷರ ಇಲ್ಲದ ಬೀದಿ ಇಲ್ಲ. ಅವರು ಏಣಿ ಇಳಿದರು. ಸಣ್ಣತಿಮ್ಮಯ್ಯ ನಿಂತಿದ್ದ ಜಾಗಕ್ಕೇ ಬಂದು, ಅವರ ಭುಜಕ್ಕೆ ಭುಜ ತಾಗಿಸಿ ನಿಂತು, ತಾವು ಬರೆದ ಮರವನ್ನು ನೋಡಿದರು. ಆಮೇಲೆ ತಲೆ ತಿರುಗಿಸಿ ಶಾಲೆಯ ಹಿಂದಿನ ನಿಜವಾದ ಮರಗಳನ್ನು ನೋಡಿದರು. ಮತ್ತೆ ಗೋಡೆ, ಮತ್ತೆ ಮರ. ಸಣ್ಣತಿಮ್ಮಯ್ಯನವರ ನಗು ತಾನಾಗಿಯೇ ನಿಂತಿತು.

"ಮೇಡಂ, ಒಂದು ಬಕೆಟ್ ಸುಣ್ಣ ಸಿಗ್ತದಾ?" ಎಂದು ನನ್ನನ್ನು ಕೇಳಿದರು.

ಹೆಡ್‌ಮಾಸ್ಟರ್ ಸೂರ್ಯಪ್ರಕಾಶ್ ಸರ್ ಆಫೀಸಿನಿಂದ ಓಡಿ ಬರುವಷ್ಟರಲ್ಲಿ ಅರ್ಧ ಮರ ಬೆಳ್ಳಗಾಗಿತ್ತು. ನವೆಂಬರಿನಲ್ಲಿ ಶಾಲೆಗೆ ಐವತ್ತು ತುಂಬುವ ಸಮಾರಂಭ. ಅದಕ್ಕೆಂದೇ ಆ ನಲವತ್ತು ಅಡಿ ಗೋಡೆಯ ತುಂಬ 'ನಮ್ಮ ಸೀಮೆ' ಎಂಬ ಚಿತ್ರ ಬರೆಸುತ್ತಿದ್ದರು. ಎಡತುದಿಯಲ್ಲಿ ಬೋರನಕಣಿವೆ ಜಲಾಶಯದ ನೀರು, ನಡುವೆ ರಾಗಿ ಹೊಲ ಮತ್ತು ದನಗಳು, ಬಲತುದಿಯಲ್ಲಿ ಎಲ್ಲಕ್ಕಿಂತ ಎತ್ತರವಾಗಿ ಈ ತೆಂಗಿನ ಮರ.

"ಚೆನ್ನಾಗಿತ್ತಲ್ರೀ ಮಾಯಣ್ಣ! ಯಾರೋ ನಕ್ಕರು ಅಂತ ಅಳಿಸಿಬಿಡೋದಾ?"

"ಅವ್ನು ನಕ್ಕಿದ್ದಕ್ಕೆ ಅಲ್ಲ ಸಾ. ಅವ್ನು ಹೇಳಿದ್ದು ನಿಜ, ಅದಕ್ಕೆ. ಮಿಕ್ಕಿದ್ದೆಲ್ಲ ಇರ್ಲಿ. ಮರ ಒಂದು ಆಮೇಲೆ ಬಂದು ಬರ್ದು ಕೊಡ್ತೀನಿ." ಬ್ರಶ್ಶುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿಕೊಂಡು, ನಾಲ್ಕೂವರೆಯ ಬಸ್ಸಿಗೆ ಚಿಕ್ಕನಾಯಕನಹಳ್ಳಿಗೆ ಹೊರಟೇಹೋದರು.

ಮಾಯಣ್ಣ ಹುಟ್ಟಿದ್ದು ದಬ್ಬೇಘಟ್ಟದ ಬಳಿ. ಮನೆಯವರಿಗೆ ತೆಂಗಿನ ತೋಟವಿತ್ತು, ಅಣ್ಣಂದಿರಿಬ್ಬರು ಅದನ್ನೇ ನೋಡಿಕೊಂಡರು. ಇವರಿಗೆ ಮಾತ್ರ ಮೊದಲಿನಿಂದಲೂ ಅಕ್ಷರಗಳ ಮೇಲೆ ಕಣ್ಣು. ಸಂತೆಗೆ ಬಂದ ಲಾರಿಗಳ ಹಿಂಬದಿಯ ಬರಹವನ್ನು ಕಡ್ಡಿಯಿಂದ ಮಣ್ಣಿನಲ್ಲಿ ತಿದ್ದಿ ತಿದ್ದಿ ಕಲಿತರಂತೆ. ಹದಿನೇಳನೇ ವಯಸ್ಸಿಗೆ ಬೋರ್ಡು ಬರೆಯುವ ಕೆಲಸಕ್ಕೆ ಇಳಿದರು. ಚಿಕ್ಕನಾಯಕನಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಅಂಗಡಿ. ಅರ್ಧ ಭಾಗದಲ್ಲಿ ಬಣ್ಣದ ಡಬ್ಬಗಳು, ಇನ್ನರ್ಧದಲ್ಲಿ ಹೆಂಡತಿ ಮಂಗಳಮ್ಮನವರ ಹೊಲಿಗೆ ಮೆಷೀನು. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡುಗಳ ಕೆಲಸ ಕಡಿಮೆಯಾಯಿತು. ಆದರೆ ಟ್ರ್ಯಾಕ್ಟರಿನ ಮುಂದೆ ಮಗಳ ಹೆಸರು, ಹೊಸ ಮನೆಯ ನೆತ್ತಿಯಲ್ಲಿ ಮನೆದೇವರ ಹೆಸರು, ಶಾಲೆಯ ಗೋಡೆಯಲ್ಲಿ ಭೂಪಟ, ಇವಕ್ಕೆಲ್ಲ ಜನ ಇವರನ್ನೇ ಹುಡುಕಿಕೊಂಡು ಬರುತ್ತಾರೆ. ತಿಪಟೂರಿನ ಕೊಬ್ಬರಿ ಅಂಗಡಿಗಳಿಗೆ, ಎಣ್ಣೆ ಗಾಣಗಳಿಗೆ ನಲವತ್ತು ವರ್ಷದಲ್ಲಿ ಎಷ್ಟು ತೆಂಗಿನ ಮರ ಬರೆದಿದ್ದಾರೋ ಅವರಿಗೇ ಲೆಕ್ಕವಿಲ್ಲ. ಬಾಗಿದ ಒಂದು ಬೊಡ್ಡೆ, ಎಡಕ್ಕೆ ನಾಲ್ಕು ಗರಿ, ಬಲಕ್ಕೆ ನಾಲ್ಕು ಗರಿ, ನಡುವೆ ಮೂರು ಕಾಯಿ. ಎರಡು ನಿಮಿಷದ ಕೆಲಸ. ನಮ್ಮ ಗೋಡೆಯ ಮೇಲೂ ಬಂದು ನಿಂತಿದ್ದು ಆ ಎರಡು ನಿಮಿಷದ ಮರವೇ, ಹದಿನಾಲ್ಕು ಅಡಿ ಎತ್ತರವಾಗಿ.

ಆಗಸ್ಟ್ ಕಳೆಯಿತು. ಸೆಪ್ಟೆಂಬರ್ ಅರ್ಧವಾಯಿತು. ಗೋಡೆಯ ಬಲತುದಿ ಬೆಳ್ಳಗೇ ಇತ್ತು. ಮಕ್ಕಳು ಅಲ್ಲಿ ಇದ್ದಲಿನಿಂದ ಕ್ರಿಕೆಟ್ ಸ್ಟಂಪು ಬರೆದು ಬೌಲಿಂಗ್ ಮಾಡತೊಡಗಿದರು. ಫೋನು ಮಾಡಿದರೆ ಮಾಯಣ್ಣ, "ಆಗ್ತಾ ಐತೆ ಸಾ, ಆಗ್ತಾ ಐತೆ" ಎನ್ನುತ್ತಿದ್ದರು. ಏನು ಆಗುತ್ತಿದೆ ಎಂಬುದು ಸೂರ್ಯಪ್ರಕಾಶ್ ಸರ್‌ಗೆ ತಿಳಿಯಲಿಲ್ಲ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನನ್ನನ್ನು ಕರೆದರು. "ನೀವೂ ಡ್ರಾಯಿಂಗ್‌ನವರು, ಅವರೂ ಡ್ರಾಯಿಂಗ್‌ನವರು. ಹೋಗಿ ಕೈಕಾಲು ಹಿಡಿದು ಕರ್ಕೊಂಡು ಬನ್ನಿ."

ಅಂಗಡಿಗೆ ಹೋದಾಗ ಮಂಗಳಮ್ಮ ಒಬ್ಬರೇ ಇದ್ದರು. ಯಾರದೋ ಯೂನಿಫಾರ್ಮಿಗೆ ಕಾಜಾ ಹಾಕುತ್ತಿದ್ದರು.

"ಮಾಯಣ್ಣನವರು ಎಲ್ಲಿ?"

"ತೋಟದಾಗೆ ಮಲ್ಗವ್ರೆ."

"ಹುಷಾರಿಲ್ವಾ?"

"ಗಟ್ಟಿಮುಟ್ಟಾಗವ್ರೆ ಕಣಮ್ಮ. ಮರದ ಕೆಳಗೆ ಅಂಗಾತ ಮಲ್ಕಂಡು ಮೇಲೆ ನೋಡ್ತಾರೆ. ಎರಡು ತಿಂಗಳಿಂದ ಅದೇ ಕೆಲ್ಸ. ಮೊನ್ನೆ ಒಬ್ರು ಬಂದು, ನಿಮ್ಮನೆಯವ್ರು ತೋಟದಾಗೆ ಬಿದ್ದವ್ರೆ, ಬೇಗ ಬನ್ನಿ ಅಂತ ಗಾಬರಿಯಾಗಿ ಕರ್ದ್ರು. ಓಡಿ ಹೋಗಿ ನೋಡಿದ್ರೆ ಇವ್ರು ಪೆನ್ಸಿಲ್ ಬಾಯಾಗೆ ಇಟ್ಕಂಡು ನಗ್ತಾ ಅವ್ರೆ." ಮಂಗಳಮ್ಮ ನಕ್ಕು, ಮೆಷೀನಿನ ಪಕ್ಕದ ಗೂಡಿನಿಂದ ಒಂದು ಕಟ್ಟು ತೆಗೆದು ನನ್ನ ಮುಂದಿಟ್ಟರು. "ಬರೋವರ್ಗೂ ಇದನ್ನ ನೋಡ್ತಾ ಇರಿ. ಟೀ ತರಿಸ್ತೀನಿ."

ಅವು ಕೈಯಿಂದ ಮಾಡಿದ ಪುಸ್ತಕಗಳು. ಹಳೆಯ ಗೋಡೆ ಕ್ಯಾಲೆಂಡರುಗಳ ಹಾಳೆಗಳನ್ನು ಕತ್ತರಿಸಿ, ಖಾಲಿ ಬೆನ್ನು ಮೇಲಾಗಿ ಮಡಚಿ, ಮಂಗಳಮ್ಮ ಮೆಷೀನಿನಲ್ಲಿ ಹೊಲಿದು ಕೊಟ್ಟಿದ್ದರು. ಹತ್ತಾರು ವರ್ಷಗಳವು ಒಟ್ಟಿಗಿದ್ದವು. ನಾನು ಮೊದಲು ಕೈಗೆತ್ತಿಕೊಂಡದ್ದು ಹಳೆಯದೊಂದನ್ನು. ಒಂದು ಪುಟದ ತುಂಬ 'ಳ' ಅಕ್ಷರ, ಮೂವತ್ತು ಬಗೆಯಲ್ಲಿ. ಕೆಳಗೆ ಪೆನ್ಸಿಲಿನಲ್ಲಿ: "ಳ ಹೊಟ್ಟೆ ದೊಡ್ಡದಾಯಿತು. ಪಕ್ಕದ ಗ ಉಸಿರು ಕಟ್ಟಿ ನಿಂತಿದೆ. ನಾಳೆ ಹೋಗಿ ಳ ಹೊಟ್ಟೆ ಕರಗಿಸಬೇಕು." ಇನ್ನೊಂದು ಪುಟದಲ್ಲಿ ಹೋಟೆಲ್ ಬೋರ್ಡಿಗೆಂದು ಬರೆದ ಇಡ್ಲಿ. "ದುರ್ಗಯ್ಯನ ಹೋಟೆಲು. ಇಡ್ಲಿ ಕಲ್ಲಿನ ಹಾಗೆ ಕಾಣುತ್ತೆ. ಮೇಲೆ ಹಬೆ ಬರೆದೆ. ಈಗ ಬಿಸಿ ಕಲ್ಲಿನ ಹಾಗೆ ಕಾಣುತ್ತೆ." ನಾನು ಟೀ ಚೆಲ್ಲುವಷ್ಟು ನಕ್ಕೆ.

ಈ ವರ್ಷದ ಮೂರು ಪುಸ್ತಕಗಳಲ್ಲಿ ಇದ್ದದ್ದೆಲ್ಲ ತೆಂಗಿನ ಮರ. ಪ್ರತಿಯೊಂದಕ್ಕೂ ನಂಬರು. ಹೆಚ್ಚಿನವಕ್ಕೆ ಮೂಲೆಯಿಂದ ಮೂಲೆಗೆ ಒಂದು ಗೀಟು ಎಳೆದು ಹೊಡೆದುಹಾಕಿದ್ದರು. ಆದರೆ ಒಂದನ್ನೂ ಹರಿದು ಎಸೆದಿರಲಿಲ್ಲ. ಹೊಡೆದುಹಾಕಿದ್ದರ ಪಕ್ಕದಲ್ಲೇ, ಯಾಕೆ ಹೊಡೆದರೆಂಬುದೂ ಇತ್ತು.

"೧. ಪೊರಕೆ. ೨. ತಲೆಕೆಳಗಾದ ಪೊರಕೆ. ೬. ಛತ್ರಿ. ೧೧. ನಮ್ಮ ಭಾವಮೈದುನನ ತಲೆ."

ಹದಿನಾಲ್ಕನೆಯದರ ಕೆಳಗಿನ ಸಾಲನ್ನು ನಾನು ಎರಡು ಸಲ ಓದಿದೆ. "ಕಣ್ಣು ನೋಡಿದ್ದನ್ನು ಕೈ ಬರೆಯುತ್ತಿಲ್ಲ. ಕೈ ತನಗೆ ಗೊತ್ತಿರುವುದನ್ನೇ ಬರೆಯುತ್ತಿದೆ. ಈ ಕೈಗೆ ಗೊತ್ತಿರುವುದನ್ನು ಮರೆಸುವುದು ಹೇಗೆ?"

ಮರೆಸಲು ಅವರು ಏನೇನೋ ಮಾಡಿದ್ದರು. ಇಪ್ಪತ್ತರಿಂದ ಇಪ್ಪತ್ತೈದರವರೆಗಿನ ಮರಗಳನ್ನು ಹಾಳೆ ನೋಡದೆ, ಬರೀ ಮರ ನೋಡುತ್ತ ಬರೆದಿದ್ದರು. ಗರಿ ಒಂದು ಕಡೆ, ಕಾಯಿ ಇನ್ನೊಂದು ಕಡೆ ಬಿದ್ದಿದ್ದವು. "ಮರ ಹಾಳಾಯಿತು. ಆದರೆ ಗರಿ ಒಂದೊಂದೂ ಜೀವಂತ" ಎಂದು ಪಕ್ಕದಲ್ಲಿತ್ತು. ಮೂವತ್ತೆರಡನೆಯದರಲ್ಲಿ ಮರವೇ ಇಲ್ಲ. ನೀಲಿಯ ತುಂಡುಗಳು ಮಾತ್ರ, ಒಡೆದ ಬಳೆ ಚೂರಿನ ಹಾಗೆ. "ಹಸಿರು ಡಬ್ಬ ಒಣಗಿತ್ತು. ನೀಲಿ ಇತ್ತು. ಗರಿಗಳ ಸಂದಿಯಲ್ಲಿ ಕಾಣುವ ಆಕಾಶ ಬರೆದೆ. ಗರಿ ತಾನೇ ಬಂದು ಕೂತಿತು!" ಕಲಾಶಾಲೆಯಲ್ಲಿ ಈ ಸಂಗತಿಯನ್ನು ನಮಗೆ ಒಂದು ದೊಡ್ಡ ಹೆಸರಿಟ್ಟು ಪಾಠ ಮಾಡಿದ್ದರು. ನಾನು ಪರೀಕ್ಷೆಯಲ್ಲಿ ಬರೆದು ನಂಬರೂ ತೆಗೆದುಕೊಂಡಿದ್ದೆ. ಒಂದು ದಿನವೂ ಹಾಗೆ ಬರೆದು ನೋಡಿರಲಿಲ್ಲ.

ಮಧ್ಯೆ ಮಧ್ಯೆ ಪ್ರಶ್ನೆಗಳಿದ್ದವು. "ಎಳೆ ಗರಿಯ ಬಣ್ಣ ಯಾವುದು? ಹಸಿರು ಅಂದುಕೊಂಡಿದ್ದೆ." ಅದರ ಕೆಳಗೆ ಹಳದಿಯ ನಾಲ್ಕು ಛಾಯೆಗಳನ್ನು ಬಳಿದು, ಒಂದಕ್ಕೆ ಸುತ್ತು ಹಾಕಿದ್ದರು. "ಬೊಡ್ಡೆ ಒಂದೇ ದಪ್ಪ ಇಲ್ಲ. ಯಾಕೆ? ಸಣ್ಣತಿಮ್ಮಯ್ಯನನ್ನು ಕೇಳಬೇಕು." ಮುಂದಿನ ಪುಟದಲ್ಲಿ ಉತ್ತರ: "ಮಳೆ ಇಲ್ಲದ ವರ್ಷ ಮರ ಸಣ್ಣಗೆ ಬೆಳೆಯುತ್ತೆ. ಆ ಜಾಗದಲ್ಲಿ ಸೊಂಟ ಬೀಳುತ್ತೆ. ಸಣ್ಣತಿಮ್ಮಯ್ಯ ಕಾಲಿನಲ್ಲೇ ಓದುತ್ತಾನೆ. ನಾನು ನಲವತ್ತು ವರ್ಷ ಮರ ಬರೆದೆ, ಅವನನ್ನು ಒಂದು ಮಾತು ಕೇಳಲಿಲ್ಲ."

ಐವತ್ತೊಂದನೆಯ ಮರದ ಗೆರೆಗಳು ಬೆದರಿದ ಇರುವೆ ಸಾಲಿನಂತೆ ಅಲ್ಲಾಡಿದ್ದವು. "ಇದೇನಮ್ಮ ಹೀಗೆ?" ಎಂದು ಕೇಳಿದೆ. ಮಂಗಳಮ್ಮ ಕಾಜಾ ಹಾಕುವುದನ್ನು ಬಿಟ್ಟು ಕಣ್ಣರಳಿಸಿದರು.

"ಅಯ್ಯೋ, ಅವತ್ತಿನ ಕಥೆ ಕೇಳ್ಬೇಡಿ! ಆ ಸಣ್ಣತಿಮ್ಮಯ್ಯನ ಮೆಷೀನ್ ಹಾಕ್ಕಂಡು ಮರ ಹತ್ತಿದ್ರು ಈ ವಯಸ್ನಾಗೆ! ಸೊಂಟಕ್ಕೆ ಹಗ್ಗ ಬಿಗ್ದು, ಕೆಳಗೆ ಇಬ್ರು ಹಿಡ್ಕಂಡು. ಹತ್ತಡಿ ಹೋಗವ್ರೆ, ಅಲ್ಲಿಂದ ಮೇಲಕ್ಕೂ ಹೋಗ್ವಲ್ರು, ಕೆಳಕ್ಕೂ ಬರ್ವಲ್ರು. ಇಳೀರೀ ಅಂತ ನಾನು ಕೂಗ್ತಾ ಇದ್ರೆ, ಇರೇ ಬರೀತಾ ಇವ್ನಿ ಅಂತಾರೆ. ಇಳ್ದ ಮೇಲೆ ಎರಡು ಚೊಂಬು ನೀರು ಕುಡುದ್ರು."

ಪುಸ್ತಕದಲ್ಲಿ ಬರೆದದ್ದು ಹೀಗಿತ್ತು: "ಕೆಳಗೆ ನೋಡಬೇಡ ಅಂದಿದ್ದರು. ನೋಡಿದೆ. ಕೈ ನಡುಗಿತು. ನಡುಗುತ್ತಲೇ ಗರಿ ಉದುರಿ ಬೊಡ್ಡೆಯ ಮೇಲೆ ಉಳಿದ ಬಳೆಗಳನ್ನು ಬರೆದೆ. ಸರಿಯಾಗಿ ಬಂದಿದೆ! ಇಷ್ಟು ದಿನ ಗೆರೆ ನೇರ ಇದ್ದದ್ದೇ ತಪ್ಪು." ಮಾರನೆಯ ದಿನ: "ನೆಲದ ಮೇಲೆ ನಿಂತು ಬೇಕೆಂದೇ ಕೈ ನಡುಗಿಸಿದೆ. ಸುಳ್ಳು ನಡುಕ. ನೋಡಿದರೆ ಗೊತ್ತಾಗುತ್ತೆ." ಎರಡು ದಿನ ಬಿಟ್ಟು: "ಎಡಗೈಯಲ್ಲಿ ಬರೆದೆ. ಎಡಗೈಗೆ ಸುಳ್ಳು ಹೇಳಲು ಬರುವುದಿಲ್ಲ."

ಒಳ್ಳೆಯ ಕಲ್ಪನೆ ಎಂದರೆ ಮಿಂಚಿನ ಹಾಗೆ ತಲೆಗೆ ಬಂದುಬಿಡುತ್ತದೆ, ಬರದವರಿಗೆ ಬರುವುದೇ ಇಲ್ಲ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ನನಗೆ ಬಂದಿರಲಿಲ್ಲ, ಅದಕ್ಕೇ ಮೇಷ್ಟ್ರು ಕೆಲಸಕ್ಕೆ ಬಂದೆ ಎಂದುಕೊಂಡಿದ್ದೆ. ಆ ಗೂಡಂಗಡಿಯಲ್ಲಿ ಕುಳಿತು ಪುಟ ತಿರುಗಿಸುವಾಗ ಆ ನಂಬಿಕೆ ಮೆಲ್ಲಗೆ ಸಡಿಲವಾಯಿತು. ಮಾಯಣ್ಣನವರಿಗೂ ಏನೂ ತಾನಾಗಿ ಬಂದಿರಲಿಲ್ಲ. ತಪ್ಪಿಗೆ ಒಂದು ಹೆಸರು ಇಟ್ಟು, ನಕ್ಕು, ಪಕ್ಕದಲ್ಲಿ ಇನ್ನೊಂದು ಬರೆದಿದ್ದರು. ಹೆಸರಿಟ್ಟ ತಪ್ಪನ್ನು ಅವರು ಮತ್ತೆ ಮಾಡಿರಲಿಲ್ಲ, ಹೊಸ ತಪ್ಪು ಮಾಡಿದ್ದರು.

ಅಷ್ಟರಲ್ಲಿ ಅವರೇ ಬಂದರು. ಅಂಗಿಯ ಬೆನ್ನಿನ ತುಂಬ ಹುಲ್ಲಿನ ಕಡ್ಡಿ. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ನಾಚಿಕೊಂಡರು.

"ಅದನ್ನೆಲ್ಲ ಯಾಕೆ ತೋರಿಸ್ದೆ ಮಂಗಳಾ? ಬರೀ ಕೆಟ್ಟಿರೋವೇ ಅವೆ."

"ಸರ್ ಕಳಿಸಿದ್ದಾರೆ. ಸಮಾರಂಭಕ್ಕೆ ಇನ್ನು ಎರಡು ತಿಂಗಳೂ ಉಳಿದಿಲ್ಲ. ಇಷ್ಟು ಬರೆದಿದ್ದೀರಲ್ಲ, ಇನ್ನೇನು ಬಾಕಿ?" ಎಂದೆ.

ಅವರು ತೊಂಬತ್ತರ ಆಸುಪಾಸಿನ ಪುಟಗಳನ್ನು ತೆಗೆದು ತೋರಿಸಿದರು. ಬೊಡ್ಡೆ ಸೊಗಸಾಗಿ ಬಂದಿತ್ತು. ಗರಿಗಳೂ ಬಿಡಿಬಿಡಿಯಾಗಿ ಚೆನ್ನಾಗಿದ್ದವು. ಆದರೆ ಎಲ್ಲ ಸೇರಿದರೆ ಮರದ ತಲೆ ಮಾತ್ರ ಅಂಟಿಸಿದ ಹಾಗೆ ಕಾಣುತ್ತಿತ್ತು. "ನೆತ್ತಿ ಕೂರ್ತಾ ಇಲ್ಲ ಮೇಡಂ. ಗರಿ ಹೆಂಗೆ ಒಂದರ ಮೇಲೊಂದು ಕೂತವೆ ಅಂತ ಗೊತ್ತಾಯ್ತಿಲ್ಲ. ಗೊತ್ತಾಗ್ದೆ ಗೋಡೆ ಮುಟ್ಟಲ್ಲ." ನಾಳೆ ಭಾನುವಾರ ಸಣ್ಣತಿಮ್ಮಯ್ಯ ತೋಟಕ್ಕೆ ಕಾಯಿ ಕೆಡವಲು ಬರುತ್ತಾರೆಂದೂ, ಬೇಕಾದರೆ ನಾನೂ ಬರಬಹುದೆಂದೂ ಹೇಳಿದರು.

ನಾನು ಹೋದೆ. ಊರ ಹೊರಗಿನ ಆ ತೋಟ ರೇವಣಸಿದ್ದಯ್ಯ ಎಂಬ ಹಿರಿಯ ರೈತರದು. ಮಾಯಣ್ಣ ಎರಡು ತಿಂಗಳಿಂದ ಅಂಗಾತ ಮಲಗುತ್ತಿದ್ದದ್ದು ಅಲ್ಲೇ. ಸಣ್ಣತಿಮ್ಮಯ್ಯ ಮರದಿಂದ ಇಳಿದು, ಬೆವರು ಒರೆಸಿಕೊಂಡು, ಪಕ್ಕದ ಕಲ್ಲಿನ ಮೇಲೆ ಕುಳಿತರು.

"ತಿಮ್ಮಯ್ಯ, ಮೇಲೆ ಹೋದಾಗ ಗರಿ ಹೆಂಗೆ ಕಾಣ್ತವ್ಲಾ?" ಮಾಯಣ್ಣ ನೂರನೆಯ ಸಲವೋ ಏನೋ ಕೇಳಿದರು.

"ಹೇಳಿದ್ನಲ್ಲಣ್ಣ, ಸುತ್ತಿಕಂಡವೆ. ಈ ಮರದ್ದು ಎಡಕ್ಕೆ ಸುತ್ತೈತೆ. ಆ ಪಕ್ಕದ್ದು ನೋಡು, ಅದು ಬಲಕ್ಕೆ. ಒಂದೊಂದು ಮರ ಒಂದೊಂದು ಸುತ್ತು."

"ಅದೇ ನಂಗೆ ಗೊತ್ತಾಗ್ದಿರೋದು. ಸುತ್ತು ಅಂದ್ರೆ ಹೆಂಗೆ ಸುತ್ತು?"

"ಸುತ್ತು ಅಂದ್ರೆ ಸುತ್ತು ಕಣಣ್ಣ, ಇನ್ನೆಂಗೆ ಹೇಳ್ಲಿ?" ಸಣ್ಣತಿಮ್ಮಯ್ಯನವರಿಗೆ ಸಾಕಾಗಿತ್ತು. ಬಿಚ್ಚಿದ್ದ ಟವೆಲನ್ನು ಜಾಡಿಸಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ತಿರುಚುತ್ತ ತಲೆಗೆ ರುಮಾಲಿನಂತೆ ಸುತ್ತತೊಡಗಿದರು.

ಮಾಯಣ್ಣ ನೋಡುತ್ತಿದ್ದವರು ಎದ್ದು ನಿಂತರು. "ತಡಿ! ಬಿಚ್ಚು. ಬಿಚ್ಚಿ ಮತ್ತೆ ಸುತ್ತು!"

"ಏನಾಯ್ತಣ್ಣ? ಚೇಳೇನಾದ್ರೂ ಐತಾ?" ಸಣ್ಣತಿಮ್ಮಯ್ಯ ಗಾಬರಿಯಾಗಿ ಟವೆಲನ್ನು ಕಿತ್ತು ದೂರ ಎಸೆದರು. ಮಾಯಣ್ಣ ಓಡಿ ಹೋಗಿ ಅದನ್ನು ಎತ್ತಿಕೊಂಡು ಬಂದು ಅವರ ಕೈಗೆ ಕೊಟ್ಟರು.

"ಚೇಳೂ ಇಲ್ಲ ಏನೂ ಇಲ್ಲ. ಮೆಲ್ಲಗೆ ಸುತ್ತು. ಒಂದು ಸುತ್ತು ಹಾಕು, ನಿಲ್ಲಿಸು. ನೋಡಿ ಮೇಡಂ, ಈ ಸುತ್ತು ಕೆಳಗಿನ ಸುತ್ತಿನ ಅಂಚನ್ನ ತುಳ್ಕಂಡು ಮೇಲೆ ಹೋಯ್ತದೆ. ಎದುರಿಗೆ ಕಾಣ್ತದೆ, ಹಿಂದಕ್ಕೆ ಹೋಗಿ ಮರೆಯಾಯ್ತದೆ, ಮತ್ತೆ ಈ ಕಡೆ ಒಂಚೂರು ಮೇಲಕ್ಕೆ ಬತ್ತದೆ. ನಾನು ಇಷ್ಟು ದಿನ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ತಕ್ಕಡಿ ಹಂಗೆ ಬರೀತಿದ್ದೆ. ಮರ ತಕ್ಕಡಿ ಅಲ್ಲ, ರುಮಾಲು!"

ಆ ಬೆಳಗ್ಗೆ ಸಣ್ಣತಿಮ್ಮಯ್ಯ ಹನ್ನೆರಡು ಸಲ ರುಮಾಲು ಸುತ್ತಿ ಬಿಚ್ಚಿದರು. ಎಡಕ್ಕೆ ಆರು, ಬಲಕ್ಕೆ ಆರು. "ಹತ್ತು ಮರ ಹತ್ತಿದ್ರೂ ಇಷ್ಟು ಸುಸ್ತಾಗ್ತಿರ್ಲಿಲ್ಲ" ಎಂದರು. ಮಾಯಣ್ಣನ ಕಿವಿಗೆ ಅದು ಬೀಳಲಿಲ್ಲ. ಮಣ್ಣಿನ ಮೇಲೆ ಕುಳಿತು, ಮೊದಲು ರುಮಾಲನ್ನೂ, ಆಮೇಲೆ ರುಮಾಲಿನ ಪ್ರತಿ ಸುತ್ತಿನಿಂದ ಒಂದೊಂದು ಗರಿಯನ್ನೂ ಎಳೆಯುತ್ತಿದ್ದರು. ಹಾಳೆಯ ಮೇಲೆ ಮರ ಮೊದಲ ಬಾರಿಗೆ ದುಂಡಗಾಯಿತು. ನಾನು ಚಪ್ಪಾಳೆ ತಟ್ಟಿದೆ. ಅವರು ಅದರ ಪಕ್ಕದಲ್ಲಿ "೧೦೩. ತಿಮ್ಮಯ್ಯನ ತಲೆ" ಎಂದು ಬರೆದುಕೊಂಡರು.

ಅಕ್ಟೋಬರ್ ಕೊನೆಯ ವಾರ ಮಾಯಣ್ಣ ಗೋಡೆಯ ಮುಂದೆ ಬಂದು ನಿಂತಾಗ ಅವರ ಪುಸ್ತಕದಲ್ಲಿ ನೂರ ಹದಿನೇಳು ಮರಗಳಿದ್ದವು. ಗೋಡೆಯ ಮೇಲಿನ ಮರಕ್ಕೆ ನಾಲ್ಕು ದಿನ ಹಿಡಿಯಿತು. ಅವರು ಯಾವ ಪುಟವನ್ನೂ ಎದುರಿಗಿಟ್ಟುಕೊಳ್ಳಲಿಲ್ಲ. "ಪುಸ್ತಕ ನೋಡಿ ಬರೆಯಲ್ವಾ?" ಎಂದು ಕೇಳಿದ್ದಕ್ಕೆ, "ಅದನ್ನ ಬರ್ದಿದ್ದು ನೋಡೋಕಲ್ಲ ಮೇಡಂ, ಕೈ ಪಳಗ್ಸೋಕೆ" ಎಂದರು. ಬೊಡ್ಡೆಯ ಬಳೆಗಳನ್ನು ಎಡಗೈಯಲ್ಲಿ ಎಳೆದರು. ಗರಿಗಳ ನಡುವಿನ ಆಕಾಶವನ್ನು ಮೊದಲು ಬಳಿದು, ಗರಿಗಳನ್ನು ಆಮೇಲೆ ತಂದರು. ಎಳೆ ಗರಿಗೆ ಬೆಣ್ಣೆಯಂಥ ಹಳದಿ, ಬಲಿತ ಗರಿಗೆ ಹಸಿರು, ಕೆಳಗೆ ಜೋತ ಒಂದು ಗರಿಗೆ ಕಂದು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಕ್ಕಳು ತಟ್ಟೆ ಹಿಡಿದುಕೊಂಡು ಬಂದು ಗೋಡೆಯ ಮುಂದೆಯೇ ಕುಳಿತರು.

ಮುಗಿದ ದಿನ ಸಣ್ಣತಿಮ್ಮಯ್ಯನವರನ್ನು ಕರೆಸಿದರು. ಅವರು ಗೋಡೆಯ ಹತ್ತಿರ ಬಂದು ನಿಂತರು. ಬೊಡ್ಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. "ಈ ಮರಕ್ಕೆ ನಲವತ್ತು ವರ್ಷ" ಎಂದರು ಕಡೆಗೆ. "ಇಗೋ, ಇಲ್ಲಿ ಒಂದು ವರ್ಷ ಮಳೆ ಕೈಕೊಟ್ಟೈತೆ. ಎಡಸುತ್ತಿನ ಮರ. ವರ್ಷಕ್ಕೆ ನೂರು ಕಾಯಿ ಬುಡ್ತದೆ, ಮೋಸ ಇಲ್ಲ." ಆಮೇಲೆ ದನಿ ತಗ್ಗಿಸಿ, "ಒಂದು ಹೊಂಬಾಳೆ ಕಮ್ಮಿ ಆಯ್ತು ಕಣಣ್ಣ" ಎಂದರು. ಮಾಯಣ್ಣ ತಕ್ಷಣ ಏಣಿ ಹತ್ತಿ ಒಂದು ಹೊಂಬಾಳೆ ಸೇರಿಸಿದರು. ಸೂರ್ಯಪ್ರಕಾಶ್ ಸರ್ ಇಬ್ಬರ ಕೈಯನ್ನೂ ಹಿಡಿದು ಕುಲುಕಿದರು. ಸುಣ್ಣದ ಬಕೆಟ್ಟನ್ನು ಮಾತ್ರ ಆಫೀಸಿನೊಳಗೆ ಇಡಿಸಿ ಬಾಗಿಲು ಹಾಕಿದರು.

ಸಮಾರಂಭದ ದಿನ ಎಂಟನೇ ತರಗತಿಯ ಕೋಣೆಯಲ್ಲಿ ಮಕ್ಕಳ ಚಿತ್ರಗಳ ಪ್ರದರ್ಶನ ಇಟ್ಟಿದ್ದೆ. ಮಾಯಣ್ಣನವರನ್ನು ಕಾಡಿ ಬೇಡಿ ಅವರ ಪುಸ್ತಕಗಳನ್ನೂ ತರಿಸಿ ಒಂದು ಉದ್ದದ ಬೆಂಚಿನ ಮೇಲೆ ಬಿಡಿಸಿಟ್ಟೆ. "ಕೆಟ್ಟಿರೋದನ್ನ ಯಾರು ನೋಡ್ತಾರೆ?" ಎಂದು ಅವರು ಗೊಣಗಿದರು. ಜನ ನೋಡಿದರು. ಹೊರಗಿನ ದೊಡ್ಡ ಗೋಡೆಯ ಮುಂದೆ ಫೋಟೋ ತೆಗೆಸಿಕೊಂಡು ಒಳಗೆ ಬಂದವರು ಈ ಬೆಂಚು ಬಿಟ್ಟು ಕದಲಲಿಲ್ಲ. ನನ್ನ ವಿದ್ಯಾರ್ಥಿನಿ ಇಂಪನಾ ಒಂದೊಂದು ಟಿಪ್ಪಣಿಯನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ರಬ್ಬರಿನಿಂದ ಅಳಿಸಿ ಅಳಿಸಿ ಹಾಳೆ ತೂತು ಮಾಡುತ್ತಿದ್ದ ಹುಡುಗಿ ಅವಳು. ಬಿಸಿ ಕಲ್ಲಿನ ಇಡ್ಲಿಗೆ ಕೋಣೆಯೇ ನಕ್ಕಿತು. ತೋಟದವರು ಮಾತ್ರ ಮರಗಳ ಮೇಲೆ ವಾದಕ್ಕೆ ಬಿದ್ದರು. ಇದು ಎಡಸುತ್ತು, ಅಲ್ಲ ಬಲಸುತ್ತು, ಇದಕ್ಕೆ ಕೆಂಪು ಮೂತಿ ಹುಳು ಬಿದ್ದಿರಬೇಕು, ಸುಳಿ ನೋಡು ಹೆಂಗೆ ಬಾಡೈತೆ.

ರೇವಣಸಿದ್ದಯ್ಯನವರೂ ಬಂದಿದ್ದರು. ಕನ್ನಡಕ ಏರಿಸಿಕೊಂಡು ಒಂದೊಂದೇ ಹಾಳೆ ತಿರುಗಿಸುತ್ತ ಹೋದವರು ಎಪ್ಪತ್ತೆಂಟನೆಯ ಮರದ ಮೇಲೆ ಬೆರಳಿಟ್ಟು ನಿಂತರು.

"ಇದು ನಮ್ಮ ಮೂಲೆ ಮರ ಅಲ್ವಾ ಮಾಯಣ್ಣ?"

"ಹೌದು ಗೌಡ್ರೆ. ಬಾವಿ ಪಕ್ಕದ್ದು."

"ನಮ್ಮಪ್ಪ ನೆಟ್ಟಿದ್ದು. ಈ ಕಡೆ ಗರಿ ಒಂದು ಯಾವಾಗ್ಲೂ ಹಿಂಗೇ ಮೊಣಕೈ ಮುರಿದಂಗೆ ಇರ್ತಿತ್ತು." ಅವರು ಆ ಗರಿಯ ಮೇಲೆ ಬೆರಳಾಡಿಸಿದರು. "ಅಕ್ಟೋಬರ್‌ನಾಗೆ ಸಿಡಿಲು ಬಡೀತಲ್ಲ. ಸುಳಿ ಸುಟ್ಟು ಹೋಯ್ತು. ಹೋದ ವಾರ ಕಡಿಸ್ದೆ. ನೀನು ಅದನ್ನೂ ಬರ್ದಿದ್ದೀಯ."

"ಏನನ್ನ?"

"ಸಿಡಿಲನ್ನ." ರೇವಣಸಿದ್ದಯ್ಯ ಹಾಳೆಯ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ, ಮರದ ನೆತ್ತಿಯನ್ನು ಸೀಳಿಕೊಂಡು ಇಳಿದಿದ್ದ ಗೀಟನ್ನು ತೋರಿಸಿದರು.

ಮಾಯಣ್ಣ ನನ್ನ ಮುಖ ನೋಡಿದರು. ಸುಳ್ಳು ಹೇಳಲು ಬಾರದ ಮನುಷ್ಯ. "ಅದು ಸಿಡಿಲಲ್ಲ ಗೌಡ್ರೆ. ಸರಿ ಬರ್ಲಿಲ್ಲ ಅಂತ ನಾನೇ ಹೊಡ್ದು ಹಾಕಿದ್ದು. ಆಗಿನ್ನೂ ಸೆಪ್ಟೆಂಬರ್. ಮರ ಚೆನ್ನಾಗೇ ಇತ್ತು."

"ಇರ್ಲಿ ಬುಡು. ನಂಗೆ ಹಂಗೇ ಕಾಣ್ತೈತೆ. ಈ ಹಾಳೆ ನಂಗೆ ಕೊಟ್ಬುಡು."

"ಇದು ಬ್ಯಾಡಿ. ಕೂತ್ಕಳಿ, ಈಗ್ಲೇ ಇನ್ನೊಂದು ಬರ್ದು ಕೊಡ್ತೀನಿ, ನೀಟಾಗಿ." ಅವರು ನನ್ನಿಂದ ಡ್ರಾಯಿಂಗ್ ಹಾಳೆ ಇಸಿದುಕೊಂಡು, ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಅದೇ ಮರವನ್ನು ನೆನಪಿನಿಂದ ಬರೆದರು. ರುಮಾಲಿನ ಸುತ್ತು ಕಲಿತ ಮೇಲಿನ ಕೈ ಅದು. ಎಪ್ಪತ್ತೆಂಟಕ್ಕಿಂತ ಎಷ್ಟೋ ಚೆನ್ನಾಗಿ ಬಂತು. ಮುರಿದ ಮೊಣಕೈಯಂಥ ಗರಿಯೂ ಇತ್ತು. ರೇವಣಸಿದ್ದಯ್ಯ ಅದನ್ನು ಕೈಯಲ್ಲಿ ಹಿಡಿದು ಮರ್ಯಾದೆಗೆ ಒಂದು ಕ್ಷಣ ನೋಡಿದರು.

"ಇದು ಚೆಂದಾಗೈತೆ. ಆದ್ರೆ ಅದು ನಮ್ಮದು" ಎಂದರು, ಗೀಟು ಹೊಡೆದ ಹಾಳೆಯನ್ನು ತೋರಿಸಿ.

ಮಾಯಣ್ಣ ತಲೆ ಕೆರೆದುಕೊಂಡು ಮಂಗಳಮ್ಮನ ಕಡೆ ತಿರುಗಿದರು. ಮಂಗಳಮ್ಮ ಆಗಲೇ ಚೀಲದಿಂದ ಕತ್ತರಿ ತೆಗೆದಿದ್ದರು. ನಡುವಿನ ಹೊಲಿಗೆಯ ದಾರವನ್ನು ನಾಲ್ಕು ಕಡೆ ನವಿರಾಗಿ ಕತ್ತರಿಸಿ, ಹಾಳೆಯನ್ನು ಹರಿಯದಂತೆ ಬಿಡಿಸಿ, ರೇವಣಸಿದ್ದಯ್ಯನವರ ಕೈಗೆ ಕೊಟ್ಟರು. ಅವರು ಅದನ್ನು ಸುರುಳಿ ಸುತ್ತಿ ಅಂಗಿಯೊಳಗೆ ಎದೆಗೆ ಇಟ್ಟುಕೊಂಡರು. ಹೊರಗೆ ಊಟಕ್ಕೆ ಕರೆಯುತ್ತಿದ್ದರು. ಬಾಳೆ ಎಲೆಯ ಮುಂದೆ ಕೂರುವಾಗಲೂ ಒಂದು ಕೈಯನ್ನು ಎದೆಯ ಮೇಲೇ ಇಟ್ಟುಕೊಂಡು, ಪಕ್ಕದಲ್ಲಿ ಕುಳಿತ ಸಣ್ಣತಿಮ್ಮಯ್ಯನವರಿಗೆ, ಸಿಡಿಲು ಬೀಳುವುದು ಮಾಯಣ್ಣನಿಗೆ ಒಂದು ತಿಂಗಳು ಮೊದಲೇ ಹೇಗೆ ಗೊತ್ತಾಗಿತ್ತು ಎಂಬುದನ್ನು ವಿವರಿಸುತ್ತಿದ್ದರು.